ಸಂದರ್ಶನ ಮಾಲೆಯೊಂದನ್ನು ಆರಂಭಿಸುವ ಬಗೆ



ನಮ್ಮ ವಾರ್ಷಿಕ ಸಂಚಿಕೆಗೆ ಪ್ರತಿವರ್ಷವೂ ಕಥೆ, ಕವಿತೆ, ಪ್ರವಾಸ ಕಥನ, ನಗೆಹನಿಗಳು ಬೇಕಾದಷ್ಟು ಬರುತ್ತವೆ. ಆದರೆ “ನಮ್ಮ ಓಣಿಯ ಹಿರಿಯರೊಬ್ಬರನ್ನು ಕಂಡು, ಮಾತಾಡಿಸಿ, ಬರೆದು ತಂದಿದ್ದೇನೆ” ಎನ್ನುವ ವಿದ್ಯಾರ್ಥಿ ಬಲು ವಿರಳ. ಸಂದರ್ಶನವೆಂದರೆ ಪತ್ರಿಕೆಯವರು ಮಂತ್ರಿಗಳನ್ನೋ ಚಿತ್ರನಟರನ್ನೋ ಕಾಣುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿರುವುದೇ ಇದಕ್ಕೆ ಕಾರಣವಿರಬೇಕು. ಅರಿಯಬೇಕೆಂಬ ಆಸೆಯಿಂದ ಒಬ್ಬರು ಕೇಳಿ, ಅನುಭವವುಳ್ಳ ಇನ್ನೊಬ್ಬರು ಹೇಳಿದರೆ ಅದು ಸಂದರ್ಶನವೇ ಸರಿ. ಅಂಥ ಸಂದರ್ಶನಗಳನ್ನು ಒಂದರ ಹಿಂದೊಂದು ಸೇರಿಸಿ ಮಾಲೆಯಾಗಿ ಕಟ್ಟುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ವಿವೇಚಿಸೋಣ.

ಮೊದಲು, ವಿದ್ಯಾರ್ಥಿಗಳೇ ಮಾಡಿ ತೋರಿಸಿದ ಒಂದು ಕಾರ್ಯದ ವಿಷಯವನ್ನು ಹೇಳುತ್ತೇನೆ. ಅಮೆರಿಕದ ಜಾರ್ಜಿಯಾ ಸಂಸ್ಥಾನದ ಬೆಟ್ಟಸೀಮೆಯಲ್ಲಿ ರೇಬನ್ ಗ್ಯಾಪ್ ಎಂಬ ಊರಿದೆ. 1966ರಲ್ಲಿ ಅಲ್ಲಿಯ ಪ್ರೌಢಶಾಲೆಯ ಮಕ್ಕಳು, ಪಾಠದಲ್ಲಿ ಮನಸ್ಸು ನಿಲ್ಲದೆ ಬೇಸರಗೊಂಡಿದ್ದಾಗ, ತಮ್ಮ ಅಧ್ಯಾಪಕರೊಡನೆ ಕೂಡಿ ಒಂದು ಪತ್ರಿಕೆಯನ್ನು ಹೊರಡಿಸಲು ನಿಶ್ಚಯಿಸಿದರು. ತಮ್ಮ ಅಜ್ಜ ಅಜ್ಜಿಯರನ್ನೂ ನೆರೆಹೊರೆಯ ವೃದ್ಧರನ್ನೂ ಕಂಡು, ಮರದ ದಿಮ್ಮಿಗಳಿಂದ ಮನೆ ಕಟ್ಟುವುದು ಹೇಗೆ, ಯಾವ ಬೇನೆಗೆ ಯಾವ ಮನೆಮದ್ದು, ಹಿಂದಿನವರು ಬಿತ್ತನೆಯ ದಿನವನ್ನು ಹೇಗೆ ಗೊತ್ತುಮಾಡುತ್ತಿದ್ದರು ಎಂದು ಕೇಳಿ ಬರೆದುಕೊಂಡರು. ಪತ್ರಿಕೆಗೆ ‘ಫಾಕ್ಸ್‌ಫೈರ್’ ಎಂದು ಹೆಸರಿಟ್ಟರು. ಕೊಳೆಯುತ್ತಿರುವ ಮರದ ಮೇಲೆ ಬೆಳೆದು ಇರುಳಿನಲ್ಲಿ ಮಂದವಾಗಿ ಬೆಳಗುವ ಒಂದು ಬಗೆಯ ಶಿಲೀಂಧ್ರದ ಹೆಸರದು. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಮಳೆಗಾಲದಲ್ಲಿ ಇಂಥ ಬೆಳಕು ಕಾಣಸಿಗುತ್ತದೆ. ಆ ಬರಹಗಳು 1972ರಲ್ಲಿ ಪುಸ್ತಕವಾಗಿ ಬಂದಾಗ ಲಕ್ಷಾಂತರ ಪ್ರತಿಗಳು ಮಾರಾಟವಾದವು. ತಮ್ಮ ಮನೆಯ ಜಗಲಿಯ ಮೇಲೆ ಕುಳಿತಿದ್ದ ಮುದುಕರ ಬಳಿಗೆ ಹೋಗಿ ಕುಳಿತದ್ದಷ್ಟೇ ಆ ಮಕ್ಕಳು ಮಾಡಿದ ಸಾಹಸ.

ನಮ್ಮ ಮುಂಬಯಿಯಲ್ಲಿಯೂ ಇದಕ್ಕೆ ದೃಷ್ಟಾಂತವಿಲ್ಲದಿಲ್ಲ. ಪರೇಲ, ಲಾಲಬಾಗ ಮೊದಲಾದ ಭಾಗಗಳಿಗೆ ಒಂದು ಕಾಲಕ್ಕೆ ‘ಗಿರಣಗಾಂವ’ ಎಂದರೆ ಗಿರಣಿಗಳ ಊರು ಎಂಬ ಹೆಸರಿತ್ತು. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಕೆಲಸ ನಿಲ್ಲಿಸಿದರು. ಅನಂತರದ ವರ್ಷಗಳಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿಹೋದವು. ನೀರಾ ಆಡಾರಕರ ಮತ್ತು ಮೀನಾ ಮೆನನ್ ಎಂಬ ಇಬ್ಬರು ಮಹಿಳೆಯರು ಆ ಕಾರ್ಮಿಕರನ್ನೂ ಅವರ ಮನೆಯವರನ್ನೂ ಕಂಡು ಮಾತಾಡಿಸಿ, 2004ರಲ್ಲಿ ನೂರು ವರುಷಗಳ ನೂರು ದನಿಗಳನ್ನು ಒಂದು ಗ್ರಂಥದಲ್ಲಿ ಸೇರಿಸಿದರು. ಇಂದು ಗಿರಣಿಯ ಚಿಮಣಿಗಳಿದ್ದ ಕಡೆ ಗಗನಚುಂಬಿ ಸೌಧಗಳು ನಿಂತಿವೆ. ಆ ಜನರ ಮಾತು ಉಳಿದದ್ದು ಸಕಾಲದಲ್ಲಿ ಯಾರೋ ಹೋಗಿ ಕೇಳಿದ್ದರಿಂದ.

ಇನ್ನು ಮಾಲೆಯ ವಿಚಾರ. ಹೂಗಳು ಎಷ್ಟಿದ್ದರೂ ದಾರವಿಲ್ಲದೆ ಮಾಲೆಯಾಗದು. ಕಂಡಕಂಡವರನ್ನು ಕಂಡಕಂಡಂತೆ ಪ್ರಶ್ನಿಸಿ ಬರೆದರೆ ಅದು ಬುಟ್ಟಿಯಲ್ಲಿ ಸುರಿದ ಹೂವಿನಂತೆ. ಆದ್ದರಿಂದ ಮೊದಲು ದಾರವನ್ನು ಆರಿಸಿಕೊಳ್ಳಬೇಕು. ನಮ್ಮ ಪರಿಸರಕ್ಕೆ ಒಪ್ಪುವ ಐದು ದಾರಗಳನ್ನು ಇಲ್ಲಿ ಸೂಚಿಸುತ್ತೇನೆ.

ಮೊದಲನೆಯದು, ಎಲ್ಲರಿಗೂ ಒಂದೇ ಪ್ರಶ್ನೆ. ಇಂಗ್ಲೆಂಡಿನ ಬಿ.ಬಿ.ಸಿ. ಆಕಾಶವಾಣಿಯಲ್ಲಿ ರಾಯ್ ಪ್ಲಾಮ್ಲಿ ಎಂಬವರು 1942ರಲ್ಲಿ ಒಂದು ಕಾರ್ಯಕ್ರಮವನ್ನು ಆರಂಭಿಸಿದರು. ನಿರ್ಜನ ದ್ವೀಪದಲ್ಲಿ ಒಬ್ಬರೇ ಇರಬೇಕಾಗಿ ಬಂದರೆ ಯಾವ ಎಂಟು ಧ್ವನಿಮುದ್ರಿಕೆಗಳನ್ನು ಜೊತೆಗೆ ಒಯ್ಯುವಿರಿ ಎಂದು ಪ್ರತಿಯೊಬ್ಬ ಅತಿಥಿಯನ್ನೂ ಕೇಳುವುದು ಅದರ ಕ್ರಮ. ಪ್ರಶ್ನೆ ಒಂದೇ ಆದರೂ ಉತ್ತರಗಳು ಬೇರೆ ಬೇರೆಯಾದ್ದರಿಂದ ಕೇಳುವವರಿಗೆ ಬೇಸರವಾಗಲಿಲ್ಲ. ಎಂಟು ದಶಕಗಳು ಕಳೆದರೂ ಆ ಕಾರ್ಯಕ್ರಮ ನಡೆದೇ ಇದೆ. ನಾವು ಹನ್ನೆರಡು ಮಂದಿ ಕನ್ನಡಿಗರನ್ನು “ಮುಂಬಯಿಗೆ ಬಂದ ಮೊದಲ ರಾತ್ರಿ ಎಲ್ಲಿ ಮಲಗಿದಿರಿ?” ಎಂದು ಕೇಳಬಾರದೇಕೆ? ಒಬ್ಬರು ಅಣ್ಣನ ಕೋಣೆಯೆಂದಾರು, ಇನ್ನೊಬ್ಬರು ರೈಲುನಿಲ್ದಾಣವೆಂದಾರು, ಮತ್ತೊಬ್ಬರು ಹೋಟೆಲಿನ ಮೇಜೆಂದಾರು. ಹನ್ನೆರಡು ಉತ್ತರಗಳು ಸೇರಿದಾಗ, ನಮ್ಮ ಜನ ಈ ನಗರದಲ್ಲಿ ನೆಲೆಯೂರಿದ ಬಗೆಯೇ ಕಣ್ಣಿಗೆ ಕಟ್ಟುತ್ತದೆ.

ಎರಡನೆಯದು, ಒಂದೇ ವಸ್ತು. ಊರಿನಿಂದ ತಂದು ಇಂದಿಗೂ ಉಳಿಸಿಕೊಂಡಿರುವ ಒಂದು ವಸ್ತುವನ್ನು ಎದುರಿಗಿಟ್ಟುಕೊಂಡು ಮಾತಾಡಿಸುವುದು: ಕಂಚಿನ ತಂಬಿಗೆ, ತಗಡಿನ ಪೆಟ್ಟಿಗೆ, ಕೌದಿ, ಒರಳುಕಲ್ಲು, ಹಳೆಯ ಛಾಯಾಚಿತ್ರ. ಅನುಷಾ ಯಾದವ್ ಎಂಬವರು 2010ರಲ್ಲಿ ಮನೆಮನೆಯ ಹಳೆಯ ಛಾಯಾಚಿತ್ರಗಳನ್ನೂ ಅವುಗಳ ಹಿಂದಿನ ಕಥೆಗಳನ್ನೂ ಕೂಡಿಸತೊಡಗಿ, ಅದರಿಂದಲೇ ದೇಶದ ಚರಿತ್ರೆಯ ಒಂದು ಭಂಡಾರವನ್ನು ನಿರ್ಮಿಸಿದ್ದಾರೆ. ಮಾತು ಬಾರದ ಸಂಕೋಚಶೀಲರಿಗೂ ಕೈಯಲ್ಲೊಂದು ವಸ್ತುವಿದ್ದರೆ ಮಾತು ತಾನಾಗಿ ಬರುತ್ತದೆ.

ಮೂರನೆಯದು, ಒಂದೇ ದಿನ. 2005ರ ಜುಲೈ 26ರ ಮಹಾವೃಷ್ಟಿ ನಿಮ್ಮಲ್ಲಿ ಯಾರಿಗೂ ನೆನಪಿರಲಾರದು. ನೀವಾಗ ಹುಟ್ಟಿಯೇ ಇರಲಿಲ್ಲ. ನಿಮ್ಮ ತಂದೆತಾಯಿಗಳನ್ನು ಕೇಳಿರಿ. ಆ ದಿನ ಎಲ್ಲಿದ್ದಿರಿ, ಮನೆಗೆ ಹೇಗೆ ಮರಳಿದಿರಿ, ದಾರಿಯಲ್ಲಿ ನೀರು ಕೊಟ್ಟವರು ಯಾರು?

ನಾಲ್ಕನೆಯದು, ಒಂದೇ ಸ್ಥಳ. ಒಂದು ಚಾಳು, ಒಂದು ಮಾರುಕಟ್ಟೆ, ಇಲ್ಲವೇ ನಮ್ಮ ಈ ಶಾಲೆ. ಶಾಲೆಯ ಹಳೆಯ ವಿದ್ಯಾರ್ಥಿ, ನಿವೃತ್ತ ಅಧ್ಯಾಪಕರು, ಗಂಟೆ ಬಾರಿಸುವವರು, ಎದುರಿನ ಅಂಗಡಿಯವರು, ಹೀಗೆ ನಾಲ್ವರ ನಾಲ್ಕು ನೋಟಗಳು.

ಐದನೆಯದು, ಒಂದೇ ಕಸುಬು. ಅಮೆರಿಕದ ಸ್ಟಡ್ಸ್ ಟರ್ಕೆಲ್ ಎಂಬವರು 1974ರಲ್ಲಿ ಪ್ರಕಟಿಸಿದ ‘ವರ್ಕಿಂಗ್’ ಎಂಬ ದೊಡ್ಡ ಗ್ರಂಥದಲ್ಲಿ ಗೋರಿ ತೋಡುವವರು, ಊಟ ಬಡಿಸುವವರು ಮೊದಲಾದ ದುಡಿಯುವ ಜನ ತಮ್ಮ ಕೆಲಸದ ಬಗೆಗೆ ತಾವೇ ಮಾತಾಡಿದ್ದಾರೆ. ನಾವು ಒಂದೇ ಉಡುಪಿ ಹೋಟೆಲಿಗೆ ಹೋಗಿ, ಲೋಟ ತೊಳೆಯುವವರಿಂದ ಮೊದಲಾಗಿ ಮಾಣಿ, ಅಡಿಗೆಯವರು, ಗಲ್ಲೆಯ ಮೇಲೆ ಕೂರುವವರು, ಇವರೆಲ್ಲರನ್ನೂ ಮಾತಾಡಿಸಿದರೆ ಒಂದು ಸೊಗಸಾದ ಮಾಲೆಯಾಗುತ್ತದೆ.

ದಾರವನ್ನು ಆರಿಸಿಕೊಂಡ ಮೇಲೆ ಕೇಳುವ ಕ್ರಮ. ಇಲ್ಲಿ ನಾನು ವಿದ್ಯಾರ್ಥಿಯಾಗಿದ್ದಾಗ ಮಾಡಿದ ಒಂದು ತಪ್ಪನ್ನು ಹೇಳಿದರೆ ನಿಮಗೆ ಉಪಕಾರವಾದೀತು.

ನಮ್ಮ ಮನೆಯ ಸಮೀಪದ ಹೋಟೆಲಿನಲ್ಲಿ ಕುಂದಾಪುರದ ಕಡೆಯ ಭಟ್ಟರೊಬ್ಬರು ಅಡಿಗೆ ಮಾಡುತ್ತಿದ್ದರು. ವಯಸ್ಸು ಎಪ್ಪತ್ತರ ಹತ್ತಿರ. ನಾನು ಇಪ್ಪತ್ತೆರಡು ಪ್ರಶ್ನೆಗಳನ್ನು ಅಂದವಾಗಿ ಬರೆದುಕೊಂಡು ಅವರ ಬಳಿಗೆ ಹೋದೆ. “ನಿಮ್ಮ ಬಾಲ್ಯ ಸುಖಮಯವಾಗಿತ್ತೇ?” ಎಂದು ಕೇಳಿದೆ. “ಹೌದು” ಎಂದರು. “ಮುಂಬಯಿ ನಗರ ತಮಗೆ ಇಷ್ಟವಾಯಿತೇ?” ಎಂದೆ. “ಹೂಂ” ಎಂದರು. ಹತ್ತು ನಿಮಿಷಗಳಲ್ಲಿ ಇಪ್ಪತ್ತೆರಡು ಪ್ರಶ್ನೆಗಳೂ ಮುಗಿದುಹೋದವು. ನಿರಾಶನಾಗಿ ಪುಸ್ತಕವನ್ನು ಮುಚ್ಚಿ ಏಳುವಾಗ ಅವರ ಮುಂಗೈ ಮೇಲಿನ ಸುಟ್ಟ ಗಾಯದ ಕಲೆ ಕಣ್ಣಿಗೆ ಬಿತ್ತು. “ಭಟ್ರೇ, ಇದು ಹೇಗಾಯಿತು?” ಎಂದೆ. ಭಟ್ಟರು ನನ್ನನ್ನೇ ನೋಡಿ, “ಅದು ದೊಡ್ಡ ಕಥೆ ಮಾಣಿ, ಕೂತುಕೋ” ಎಂದರು.

ಆಮೇಲೆ ಒಂದು ಗಂಟೆ ಕಾಲ ಅವರು ಹೇಳಿದರು, ನಾನು ಕೇಳಿದೆ. ಹದಿಮೂರನೆಯ ವಯಸ್ಸಿನಲ್ಲಿ ಮಾವನ ಜೊತೆ ಬಂದದ್ದು; ಹೋಟೆಲು ಮುಚ್ಚಿದ ಮೇಲೆ ಮೇಜುಗಳನ್ನು ಜೋಡಿಸಿ ಮಲಗುತ್ತಿದ್ದುದು; ತೂಕಡಿಸಿ ಕೈ ಜಾರಿ ಕಾದ ಎಣ್ಣೆ ಮೈಮೇಲೆ ಬಿದ್ದದ್ದು; ಆ ಕೈ ವಾಸಿಯಾಗುವ ತನಕ ಕೆಲಸಕ್ಕೆ ಬಾರದಾದಾಗ ರಾತ್ರಿಶಾಲೆಯ ಮಾಸ್ತರರೊಬ್ಬರು ಕರೆದೊಯ್ದು, ಎಡಗೈಯಿಂದಲೇ ಅಕ್ಷರ ತಿದ್ದಿಸಿ, ತಾಯಿಗೆ ಮೊದಲ ಕಾಗದವನ್ನು ಬರೆಸಿದ್ದು. ಮಾಸ್ತರರ ಹೆಸರನ್ನು ಭಟ್ಟರು ಎರಡು ಸಲ ಹೇಳಿದರು. ನಾನು ಪುಸ್ತಕವನ್ನು ಮುಚ್ಚಿಬಿಟ್ಟಿದ್ದೆ. ನಡುವೆ ತೆರೆಯಲು ಸಂಕೋಚವಾಯಿತು. ಮುಂದಿನ ಭಾನುವಾರ ಬಂದು ಬರೆದುಕೊಂಡರಾಯಿತು ಎಂದುಕೊಂಡೆ. ಭಾನುವಾರದ ಹೊತ್ತಿಗೆ ಪರೀಕ್ಷೆ ಬಂತು. ಪರೀಕ್ಷೆ ಮುಗಿಸಿ ಹೋದಾಗ ಭಟ್ಟರು ಕೆಲಸ ಬಿಟ್ಟು ಊರು ಸೇರಿದ್ದರು. ಮಳೆಗಾಲದಲ್ಲಿ ತೀರಿಕೊಂಡರೆಂಬ ಸುದ್ದಿ ಬಂತು. ಆ ಮಾಸ್ತರರ ಹೆಸರು ಎಷ್ಟು ಯೋಚಿಸಿದರೂ ನನಗೆ ನೆನಪಾಗಲಿಲ್ಲ. ಹಗಲು ದುಡಿದು ಬಂದ ಹುಡುಗರಿಗೆ ಇರುಳು ಕನ್ನಡ ಕಲಿಸಿದ ಆ ಪುಣ್ಯಾತ್ಮರ ಹೆಸರನ್ನು ಉಳಿಸುವ ಕೆಲಸ ಆ ಒಂದು ಗಂಟೆ ನನ್ನ ಕೈಯಲ್ಲಿತ್ತು. ನಾನು ಉಳಿಸಲಿಲ್ಲ.

ಈ ಅನುಭವದಿಂದ ನಾನು ಕಲಿತ ನಿಯಮಗಳು ಇವು.

ಹೌದು, ಇಲ್ಲ ಎಂದು ಮುಗಿದುಹೋಗುವ ಪ್ರಶ್ನೆಯನ್ನು ಕೇಳಬೇಡಿರಿ. ಹೇಗೆ, ಎಲ್ಲಿ, ಯಾರ ಜೊತೆ, ಆಮೇಲೇನಾಯಿತು ಎಂದು ಕೇಳಿರಿ. “ಬಾಲ್ಯ ಹೇಗಿತ್ತು?” ಎಂಬ ದೊಡ್ಡ ಪ್ರಶ್ನೆಗಿಂತ “ಶಾಲೆಗೆ ಹೋಗುವಾಗ ಬುತ್ತಿಗೆ ಏನು ಕಟ್ಟಿಕೊಡುತ್ತಿದ್ದರು?” ಎಂಬ ಚಿಕ್ಕ ಪ್ರಶ್ನೆ ಹೆಚ್ಚು ಫಲ ಕೊಡುತ್ತದೆ. ಪ್ರಶ್ನೆಗಳನ್ನು ಬರೆದುಕೊಂಡು ಹೋಗಬೇಕು ನಿಜ; ಆದರೆ ಏಳೆಂಟು ಸಾಕು. ಅವರ ಮಾತಿನಿಂದಲೇ ಮುಂದಿನ ಪ್ರಶ್ನೆ ಹುಟ್ಟುವುದು ಉತ್ತಮ.

ಹಿರಿಯರು ಮಾತು ನಿಲ್ಲಿಸಿದೊಡನೆ ಇನ್ನೊಂದು ಪ್ರಶ್ನೆಯನ್ನು ಎಸೆಯಬೇಡಿರಿ. ಅವರು ನೆನಪು ಮಾಡಿಕೊಳ್ಳುತ್ತಿರಬಹುದು. ಮನಸ್ಸಿನಲ್ಲಿಯೇ ಹತ್ತು ಎಣಿಸಿರಿ.

ಇಂದು ಎಲ್ಲರ ಮನೆಯಲ್ಲಿಯೂ ಮೊಬೈಲ್ ಫೋನು ಇದೆ, ಧ್ವನಿಮುದ್ರಣ ಸುಲಭ. ಆದರೆ ಮೊದಲು ಅನುಮತಿ ಕೇಳಬೇಕು, ಬೇಡವೆಂದರೆ ಬಿಡಬೇಕು. ಮೊದಲಿಗೆ ದಿನಾಂಕ, ಸ್ಥಳ, ಇಬ್ಬರ ಹೆಸರು ಇವನ್ನು ನಿಮ್ಮ ದನಿಯಲ್ಲಿಯೇ ಮುದ್ರಿಸಿರಿ. ವ್ಯಕ್ತಿಗಳ ಮತ್ತು ಊರುಗಳ ಹೆಸರುಗಳನ್ನು ಮಾತ್ರ ಕೈಯಿಂದಲೂ ಬರೆದುಕೊಂಡು, ಏಳುವ ಮುನ್ನ ಅವರಿಗೆ ಓದಿ ಹೇಳಿರಿ. ಯಂತ್ರ ಕೈಕೊಟ್ಟರೂ ಹೆಸರುಗಳು ಉಳಿಯುತ್ತವೆ.

ಅವರ ನುಡಿಯನ್ನು ತಿದ್ದಬೇಡಿರಿ. ವಿಜಯಪುರದ ಅಜ್ಜಿ “ಬಂದ್ವಿ ನೋಡವ್ವಾ” ಎಂದರೆ ಹಾಗೆಯೇ ಬರೆಯಿರಿ. ಅದನ್ನು “ಆಗಮಿಸಿದೆವು” ಎಂದು ಮಾಡಿದರೆ ಅಜ್ಜಿ ಅಲ್ಲಿಂದ ಮಾಯವಾಗುತ್ತಾಳೆ. ತುಳುವೋ ಕೊಂಕಣಿಯೋ ಮನೆಮಾತಾಗಿದ್ದವರು ನಡುನಡುವೆ ತಮ್ಮ ಮಾತನ್ನಾಡಿದರೆ ಅದನ್ನೂ ಬರೆದು, ಪಕ್ಕದಲ್ಲಿ ಅರ್ಥ ಕೊಡಿರಿ.

ಕೇಳಿದ್ದನ್ನು ಪರಾಮರ್ಶಿಸಿರಿ. ನೆನಪು ಸುಳ್ಳು ಹೇಳಬೇಕೆಂದು ಹೇಳುವುದಿಲ್ಲ. ಆದರೆ ವರುಷಗಳನ್ನು ಬೆರೆಸಿಬಿಡುತ್ತದೆ. ಕರಾವಳಿಯ ಹಿರಿಯರೊಬ್ಬರು 1970ರಲ್ಲಿ ಕೊಂಕಣ ರೈಲಿನಲ್ಲಿ ಬಂದೆನೆಂದರೆ, ಆ ಮಾರ್ಗ ಪೂರ್ಣವಾಗಿ ತೆರೆದದ್ದು 1998ರಲ್ಲಿ ಎಂಬುದು ನಿಮಗೆ ತಿಳಿದಿರಬೇಕು. ಆಗ “ತಪ್ಪು” ಎನ್ನದೆ, “ಅದಕ್ಕೂ ಮುಂಚೆ ಹಡಗಿನಲ್ಲಿ ಬರುತ್ತಿದ್ದರಂತೆ, ತಾವು ಕಂಡಿದ್ದಿರಾ?” ಎಂದು ವಿನಯದಿಂದ ಕೇಳಿರಿ. ಹಾಗೆಯೇ, ಇಬ್ಬರ ಮಾತು ಹೊಂದದಿದ್ದರೆ ಒಬ್ಬರದು ಸುಳ್ಳೆಂದು ಅವಸರದಿಂದ ತೀರ್ಮಾನಿಸಬೇಡಿರಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ಬಿತ್ತು. ಅದೇ ಹೊತ್ತಿನಲ್ಲಿ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿಲಿಮೀಟರು ಮಾತ್ರ. “ಪ್ರಳಯವಾಯಿತು” ಎಂದವರೂ “ಎಂದಿನ ಮಳೆ” ಎಂದವರೂ ಇಬ್ಬರೂ ನಿಜವನ್ನೇ ಹೇಳಿರಬಹುದು. ಯಾರು ಎಲ್ಲಿ ನಿಂತು ನೋಡಿದರೆಂದು ಕೇಳಿದರೆ ಗಂಟು ಬಿಡುತ್ತದೆ.

ಕೊನೆಯದಾಗಿ, ಬರೆದುದನ್ನು ಅಚ್ಚಿಗೆ ಕೊಡುವ ಮುನ್ನ ಅವರಿಗೆ ಓದಿ ಹೇಳಿರಿ. ಇದು ಬೇಡ ಎಂದದ್ದನ್ನು ತೆಗೆದುಬಿಡಿರಿ. ದುಃಖವನ್ನು ನಂಬಿ ಹೇಳಿದವರ ನಂಬಿಕೆ ನಮ್ಮ ಲೇಖನಕ್ಕಿಂತ ದೊಡ್ಡದು. ಸಂಚಿಕೆ ಬಂದ ಮೇಲೆ ಒಂದು ಪ್ರತಿಯನ್ನು ಅವರ ಕೈಗೆ ಮುಟ್ಟಿಸಿ ನಮಸ್ಕರಿಸಿ ಬರಬೇಕು.

ಮಿತ್ರರೇ, ಈ ನಗರದಲ್ಲಿ ಕನ್ನಡ ಶಾಲೆಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದಿರುವುದು ನಿಮಗೆ ತಿಳಿದ ಸಂಗತಿ. ಅವನ್ನು ಕಟ್ಟಿ ಬೆಳೆಸಿದವರೂ ಅವುಗಳಲ್ಲಿ ಓದಿದವರೂ ನಮ್ಮ ನಡುವೆ ಇನ್ನೂ ಕೆಲವರಿದ್ದಾರೆ. ಅವರ ಮಾತು ಕನ್ನಡದಲ್ಲಿದೆ; ಅದನ್ನು ಕೇಳಿ ಕನ್ನಡದಲ್ಲಿಯೇ ಬರೆದಿಡಬಲ್ಲ ಮಕ್ಕಳು ನೀವು. ಮುಂದಿನ ಭಾನುವಾರವೆಂದು ಮುಂದೂಡಬೇಡಿರಿ.

ಅಭ್ಯಾಸ

1. ಮೇಲೆ ಹೇಳಿದ ಐದು ದಾರಗಳಲ್ಲಿ ಒಂದನ್ನು ಆರಿಸಿ, ಅದಕ್ಕೆ ತಕ್ಕ ಆರು ಮಂದಿಯ ಪಟ್ಟಿಯನ್ನು ಮಾಡಿರಿ. ಅವರಲ್ಲಿ ಅತ್ಯಂತ ಹಿರಿಯರನ್ನು ಮೊದಲು ಕಾಣಿರಿ.

2. “ನಿಮಗೆ ಊರು ನೆನಪಾಗುತ್ತದೆಯೇ?” ಎಂಬ ಪ್ರಶ್ನೆಯನ್ನು, ಒಂದೇ ಮಾತಿನಲ್ಲಿ ಉತ್ತರಿಸಲಾಗದಂತೆ ಮೂರು ಬಗೆಯಾಗಿ ಬದಲಿಸಿ ಬರೆಯಿರಿ.

3. ನಿಮ್ಮ ಮನೆಯ ಹಿರಿಯರೊಬ್ಬರನ್ನು ಅವರಿಗೆ ಅಕ್ಷರ ಕಲಿಸಿದವರ ಹೆಸರು ಕೇಳಿ, ಬರೆದು ತನ್ನಿರಿ.