ಬಜೆಟ್ ಓದುವ ಮೊದಲೇ ಹೋಗಿ

ನಗರಸಭೆ, ಪಾಲಿಕೆಗಳ ಬಜೆಟ್ ಪೂರ್ವಭಾವಿ ಸಭೆಯ ವರದಿಗೆ ಪತ್ರಿಕೆಗಳಲ್ಲಿ ಬಹುತೇಕ ಒಂದೇ ತಲೆಬರಹ: ಸಾರ್ವಜನಿಕರ ನಿರಾಸಕ್ತಿ. ಕರೆದರೂ ಜನ ಬರುವುದಿಲ್ಲ ಎಂದು ಅಧಿಕಾರಿಗಳು ಗೊಣಗುತ್ತಾರೆ. ಹೋಗಿ ಹೇಳಿದರೂ ಏನೂ ಆಗುವುದಿಲ್ಲ ಎಂದು ಜನ ಗೊಣಗುತ್ತಾರೆ. ಇವರಿಬ್ಬರ ಗೊಣಗಾಟದ ನಡುವೆ ನಾವು ಕಟ್ಟಿದ ಆಸ್ತಿ ತೆರಿಗೆ ತನ್ನ ಪಾಡಿಗೆ ತಾನು ಖರ್ಚಾಗಿ ಹೋಗುತ್ತದೆ. ನಿವಾಸಿಗಳ ಸಂಘವಿರಲಿ, ಸ್ತ್ರೀಶಕ್ತಿ ಗುಂಪಿರಲಿ, ಬೀದಿಯ ನಾಲ್ಕು ಮನೆಯವರೇ ಇರಲಿ, ಮಾಡಬಹುದಾದ ಕೆಲಸಗಳು ಇಲ್ಲಿವೆ.

1. ಚಳಿಗಾಲದಲ್ಲೇ ಹೊರಡಿ

ಹಣಕಾಸು ವರ್ಷ ಶುರುವಾಗುವುದು ಏಪ್ರಿಲ್ 1ಕ್ಕೆ. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಬಜೆಟ್ ಮಂಡನೆಯಾಗುತ್ತದೆ. ಪುಸ್ತಕ ಅಚ್ಚಾಗಿ ಸದಸ್ಯರ ಕೈಗೆ ಬಂದ ಮೇಲೆ ಮನವಿಪತ್ರ ಹಿಡಿದು ಹೋಗುವುದು, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಡಿಸೆಂಬರಿನಿಂದಲೇ ಕಚೇರಿಯ ಲೆಕ್ಕ ವಿಭಾಗದಲ್ಲಿ ವಿಚಾರಿಸುತ್ತಿರಿ. ಪೂರ್ವಭಾವಿ ಸಭೆಯ ಪ್ರಕಟಣೆ ಎಷ್ಟೋ ಕಡೆ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಾಗಿ ಬಂದು ಹೋಗುತ್ತದೆ. ಅದನ್ನು ಕತ್ತರಿಸಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವವರು ವಾರ್ಡಿಗೊಬ್ಬರು ಇದ್ದರೂ ಸಾಕು.

2. ದುಡ್ಡು ಯಾವ ಬಾಬ್ತಿನದು ಎಂದು ತಿಳಿದುಕೊಳ್ಳಿ

ಸಭೆಗಳಲ್ಲಿ ಜನ ಸೋಲುವುದು ಹೆಚ್ಚಾಗಿ ಇಲ್ಲಿಯೇ. “ಅನುದಾನ ಇಲ್ಲ” ಎಂದು ಎಂಜಿನಿಯರ್ ಹೇಳಿದ ಕೂಡಲೇ ಸುಮ್ಮನಾಗುತ್ತೇವೆ. ಯಾವ ಅನುದಾನ ಎಂದು ಕೇಳುವುದಿಲ್ಲ.

ಪಾಲಿಕೆಯ ಹಣ ಒಂದೇ ಗಂಟಿನಲ್ಲಿರುವುದಿಲ್ಲ. ಆಸ್ತಿ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆ, ಪರವಾನಗಿ ಶುಲ್ಕ ಇವು ಸ್ವಂತ ಆದಾಯ. ಇದರಲ್ಲಿ ಸಂಬಳ, ಬೀದಿದೀಪ, ನೀರೆತ್ತುವ ಕರೆಂಟಿನ ಬಿಲ್ಲು ಕಳೆದು ಉಳಿದದ್ದರ ಮೇಲೆ ಮಾತ್ರ ಚರ್ಚೆಗೆ ಜಾಗವಿದೆ. ರಾಜ್ಯ ಹಣಕಾಸು ಆಯೋಗದ ಅನುದಾನ ಬೇರೆ. ಕೇಂದ್ರ ಹಣಕಾಸು ಆಯೋಗದ ಅನುದಾನ ಇನ್ನೂ ಬೇರೆ. ಅದರ ದೊಡ್ಡ ಪಾಲನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಬಳಸಬೇಕು. ಆ ದುಡ್ಡಿನಲ್ಲಿ ಸ್ವಾಗತ ಕಮಾನು ಕೇಳಿದರೆ ಸಿಗುವುದಿಲ್ಲ, ಸಿಗಬಾರದು ಕೂಡ.

ಇನ್ನೊಂದು ಲೆಕ್ಕ ಹೆಚ್ಚಿನವರಿಗೆ ಗೊತ್ತೇ ಇಲ್ಲ. ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಶೇ 24.10ರಷ್ಟನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25ನ್ನು ಇತರ ಬಡವರಿಗೆ, ಶೇ 5ನ್ನು ಅಂಗವಿಕಲರಿಗೆ ಎಂದು ತೆಗೆದಿಡಬೇಕು. ವಿದ್ಯಾರ್ಥಿ ಸಹಾಯಧನ, ತ್ರಿಚಕ್ರ ವಾಹನ, ಕೇರಿಗೆ ನೀರಿನ ಕೊಳವೆ, ಇಂಥವಕ್ಕೆ ಇದು ಆಧಾರ. ಹೋದ ವರ್ಷ ಈ ಬಾಬ್ತಿನಲ್ಲಿ ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಎಂಬ ಒಂದು ಪ್ರಶ್ನೆ ಸಾಕು, ಸಭೆಯ ಧಾಟಿಯೇ ಬದಲಾಗುತ್ತದೆ.

3. ಒಂದೇ ಕೇಳಿ, ಅಳತೆ ಹಾಕಿ ಕೇಳಿ

“ನಮ್ಮ ವಾರ್ಡ್ ಅಭಿವೃದ್ಧಿ ಮಾಡಿಕೊಡಿ” ಎಂಬ ಮನವಿಗೆ “ಪರಿಶೀಲಿಸಲಾಗುವುದು” ಎಂಬ ಉತ್ತರ ಸಿದ್ಧವಾಗಿರುತ್ತದೆ. “ಸರ್ಕಾರಿ ಶಾಲೆಯ ಗೇಟಿನಿಂದ ಬಸ್ ನಿಲ್ದಾಣದವರೆಗೆ 120 ಮೀಟರ್ ಫುಟ್‌ಪಾತ್, ನಾಲ್ಕು ಕಡೆ ಚರಂಡಿ ಚಪ್ಪಡಿ ಮುರಿದಿದೆ, ಫೋಟೊ ಲಗತ್ತಿಸಿದೆ” ಎಂದು ಬರೆದರೆ ಆ ಉತ್ತರ ಸಲ್ಲುವುದಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ವಾರ್ಡಿನ ಕಿರಿಯ ಎಂಜಿನಿಯರನ್ನು ಕರೆದು ತೋರಿಸಿ, ಅಂದಾಜು ಮೊತ್ತ ಕೇಳಿ ಬರೆದುಕೊಳ್ಳಿ. ಅಂದಾಜುಪಟ್ಟಿ ಇರುವ ಬೇಡಿಕೆ ಕ್ರಿಯಾಯೋಜನೆಗೆ ಸೇರುವುದು ಸುಲಭ.

ಬೆಂಗಳೂರಿನಲ್ಲಿ ಜನಾಗ್ರಹ ಸಂಸ್ಥೆ 2015ರಿಂದ ‘ಮೈ ಸಿಟಿ ಮೈ ಬಜೆಟ್’ ಅಭಿಯಾನದಲ್ಲಿ ಮಾಡಿದ್ದು ಇದನ್ನೇ: ಬಡಾವಣೆ ಸುತ್ತಿ ಜನರ ಬೇಡಿಕೆಗಳನ್ನು ಕೂಡಿಸಿ ಪಾಲಿಕೆಗೆ ಮುಟ್ಟಿಸಿತು. ಪುಣೆಯಲ್ಲಿ ಅದಕ್ಕೂ ಮೊದಲು, 2006ರಿಂದಲೇ, ನಾಗರಿಕರು ಬಜೆಟ್‌ಗೆ ಸಣ್ಣ ಕಾಮಗಾರಿಗಳನ್ನು ಅರ್ಜಿಯಲ್ಲಿ ಬರೆದು ಕೊಡುವ ಪದ್ಧತಿ ಇದೆ. ಆದರೆ ಬರೀ ಅರ್ಜಿಯನ್ನು ನೆಚ್ಚಿಕೊಳ್ಳಬೇಡಿ. ನೆರೆಹೊರೆಯವರು ಕೂತು ಯಾವುದು ಮೊದಲು, ಯಾವುದು ಆಮೇಲೆ ಎಂದು ಜಗಳಾಡಿ ತೀರ್ಮಾನಿಸದಿದ್ದರೆ, ಅರ್ಜಿ ಬರೆಯಲು ಬರುವವರ ಬೀದಿಗೇ ಮೊದಲು ಕಾಂಕ್ರೀಟ್ ಬೀಳುತ್ತದೆ.

4. ವಾರ್ಡ್ ಸಮಿತಿಯನ್ನು ಹಿಡಿಯಿರಿ

ಮೂರು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು ಎನ್ನುತ್ತದೆ ಸಂವಿಧಾನದ 74ನೇ ತಿದ್ದುಪಡಿ. ಅದು ಜಾರಿಗೆ ಬಂದದ್ದು 1993ರಲ್ಲಿ. ಬೆಂಗಳೂರಿನಲ್ಲಿ ಸಮಿತಿಗಳು ನಿಜಕ್ಕೂ ಸಭೆ ಸೇರಲು ಹೈಕೋರ್ಟ್ ಗದರಬೇಕಾಯಿತು. ಮಂಗಳೂರಿನಲ್ಲೂ ನಾಗರಿಕರು ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆಯೇ ಸಮಿತಿಗಳಾದವು. ಕಾನೂನು ಕೊಟ್ಟದ್ದನ್ನು ಕೋರ್ಟಿಗೆ ಹೋಗಿ ಪಡೆಯುವುದು ನಮ್ಮ ಊರುಗಳ ಅಭ್ಯಾಸವಾಗಿಬಿಟ್ಟಿದೆ.

ಸಮಿತಿಯ ಕೈಗೆ ದುಡ್ಡು ಬಂದರೆ ಹಾಜರಾತಿಯ ಚಿಂತೆ ಅರ್ಧ ತೀರಿದಂತೆ. 2021-22ರ ಬಜೆಟ್‌ನಲ್ಲಿ ಬೆಂಗಳೂರಿನ ಪಾಲಿಕೆಯಾಗಿದ್ದ ಬಿಬಿಎಂಪಿ ಪ್ರತಿ ವಾರ್ಡಿಗೆ 60 ಲಕ್ಷ ರೂಪಾಯಿಯನ್ನು ಸಮಿತಿಯ ತೀರ್ಮಾನದಂತೆ ಖರ್ಚು ಮಾಡಲು ಇಟ್ಟಿತ್ತು. ಸಾವಿರಾರು ಕೋಟಿಯ ಬಜೆಟ್‌ನಲ್ಲಿ ಅದು ಚಿಲ್ಲರೆ ಹಣ. ಆದರೂ ಯಾವ ಗುಂಡಿ, ಯಾವ ಬೋರ್‌ವೆಲ್, ಯಾವ ಫುಟ್‌ಪಾತ್ ಎಂದು ವಾರ್ಡಿನವರೇ ಹೇಳುವ ಅವಕಾಶ ಸಿಕ್ಕಿತು. ನಿಮ್ಮ ಪಾಲಿಕೆಯಲ್ಲೂ ಇಂಥದೊಂದು ಮೊತ್ತ ತೆಗೆದಿಡಲು ಹೇಳಿ. ಸಲಹೆ ಕೊಡುವ ಅಧಿಕಾರ ಮಾತ್ರ ಕೊಟ್ಟರೆ ಸಮಿತಿಗೆ ಎರಡನೇ ತಿಂಗಳಿಗೇ ಯಾರೂ ಬರುವುದಿಲ್ಲ.

5. ಕಾರ್ಪೊರೇಟರ್ ಇಲ್ಲ ಎಂಬ ನೆಪ ಬೇಡ

ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳು ಬಂದವು. ನಡುವಿನ ಬಜೆಟ್‌ಗಳೆಲ್ಲ ಆಡಳಿತಾಧಿಕಾರಿಗಳ ಸಹಿಯಲ್ಲೇ ಆದವು. ಇದು ಪ್ರಜಾಪ್ರಭುತ್ವಕ್ಕೆ ಶೋಭೆಯಲ್ಲ. ಆದರೆ ಮೇಲೆ ಹೇಳಿದ 60 ಲಕ್ಷ ಬಂದದ್ದೂ ಕಾರ್ಪೊರೇಟರ್‌ಗಳಿಲ್ಲದ ಆ ಕಾಲದಲ್ಲೇ.

6. ಬಾರದವರು ಯಾರು ಎಂದು ನೋಡಿ

ಕೆಲಸದ ದಿನ ಬೆಳಿಗ್ಗೆ 11 ಗಂಟೆಗೆ ಸಭೆ ಕರೆದರೆ ಬರುವವರು ನಿವೃತ್ತರು ಮತ್ತು ಗುತ್ತಿಗೆದಾರರು. ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು, ಮನೆಗೆಲಸದವರು, ತಳ್ಳುಗಾಡಿಯವರು, ಪೌರಕಾರ್ಮಿಕರು ಬರಲಾರರು. ಬಾಡಿಗೆಯವರಂತೂ ತಮಗೆ ಮಾತಾಡುವ ಹಕ್ಕೇ ಇಲ್ಲವೆಂದುಕೊಂಡಿರುತ್ತಾರೆ. ಭಾನುವಾರ ಸಂಜೆ ಅಂಗನವಾಡಿಯಲ್ಲೋ ದೇವಸ್ಥಾನದ ಜಗುಲಿಯಲ್ಲೋ ಸಭೆ ಇಡಿ. ಮಕ್ಕಳನ್ನು ಕರೆತರಬಹುದು ಎಂದು ಮೊದಲೇ ಹೇಳಿ. ವೇದಿಕೆ, ಹಾರ, ಸನ್ಮಾನ ಬೇಡ.

ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಜನರ ಕೈಗೇ ಬಜೆಟ್ ಚರ್ಚೆಯನ್ನು ಕೊಟ್ಟಾಗ ಸಭೆಗಳಿಗೆ ನುಗ್ಗಿ ಬಂದವರು ಬಡಾವಣೆಗಳ ಬಡವರು. ಕೇಳಿದ್ದು ಕಣ್ಣೆದುರೇ ಆಗುತ್ತಿತ್ತು. ನೀರು, ಒಳಚರಂಡಿ ಸಂಪರ್ಕವಿದ್ದ ಮನೆಗಳು 1988ರಲ್ಲಿ ಶೇ 75 ಇದ್ದದ್ದು 1997ರ ಹೊತ್ತಿಗೆ ಶೇ 98ಕ್ಕೇರಿದವು. ನಮ್ಮಲ್ಲಿ ಅಪಾರ್ಟ್‌ಮೆಂಟ್ ಸಂಘಗಳ ದನಿ ಜೋರು. ಅದು ತಪ್ಪೇನಲ್ಲ. ಪಕ್ಕದ ಕೊಳೆಗೇರಿಯ ನೀರಿನ ಕೊಳವೆಯನ್ನೂ ಅವು ತಮ್ಮ ಪಟ್ಟಿಯ ಮೊದಲಿಗೆ ಹಾಕಿದರೆ ಆ ದನಿಗೆ ತೂಕ ಬರುತ್ತದೆ.

7. ನಡಾವಳಿಯಲ್ಲಿ ಬರೆಸಿ

ಬಾಯಿಮಾತಿನ ಭರವಸೆ ಅಧಿಕಾರಿ ವರ್ಗವಾದ ದಿನ ಮುಗಿಯುತ್ತದೆ. ನಡಾವಳಿಯ ಪ್ರತಿ ಕೇಳಿ ಪಡೆಯಿರಿ.

8. ಬಿಲ್ ಪಾಸಾಗುವ ತನಕ ಬೆನ್ನು ಬಿಡಬೇಡಿ

ಬಜೆಟ್ ಪುಸ್ತಕದಲ್ಲಿ ಬಂದ ಮಾತ್ರಕ್ಕೆ ಕಾಮಗಾರಿ ಆಗುವುದಿಲ್ಲ. ಟೆಂಡರ್, ಕಾರ್ಯಾದೇಶ, ಅಳತೆ ಪುಸ್ತಕ, ಬಿಲ್ಲು, ಹೀಗೆ ನಾಲ್ಕು ಬಾಗಿಲು ದಾಟಬೇಕು. ಎಲ್ಲಿ ನಿಂತಿದೆ ಎಂದು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ ಪೀಠಿಕೆ ಬಿಟ್ಟು ನೇರ ಕೇಳಿ. ಈ ಕಾಯ್ದೆ ಕಾಗದಕ್ಕೆ ಮಾತ್ರ ಸೀಮಿತವಲ್ಲ, ನಡೆಯುತ್ತಿರುವ ಕಾಮಗಾರಿಯನ್ನೇ ಪರಿಶೀಲಿಸಲು, ಬಳಸಿದ ವಸ್ತುವಿನ ಮಾದರಿ ಪಡೆಯಲು ಕೂಡ ಹಕ್ಕು ಕೊಡುತ್ತದೆ. ಇದನ್ನು ಬಳಸುವವರು ತೀರಾ ಕಡಿಮೆ.

9. ಅಧಿಕಾರಿಗಳಿಗೊಂದು ಮಾತು

ಜನ ಬರಬೇಕೆಂದರೆ ಆಟೊದಲ್ಲಿ ಮೈಕ್ ಕಟ್ಟಿ ಕೂಗಿಸುವುದಕ್ಕಿಂತ ಒಂದು ಹಾಳೆಯ ಕೆಲಸ ಮೇಲು. ಹೋದ ವರ್ಷ ಬಂದ ಬೇಡಿಕೆಗಳಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ, ಯಾಕೆ ಆಗಲಿಲ್ಲ, ಇಷ್ಟನ್ನು ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಿ. ‘ಆಗಲಿಲ್ಲ’ ಎಂಬುದನ್ನು ಕಾರಣದೊಂದಿಗೆ ಹೇಳಿದರೆ ಜನ ಒಪ್ಪುತ್ತಾರೆ. ಹೇಳದೇ ಇದ್ದರೆ ಮುಂದಿನ ವರ್ಷ ಖಾಲಿ ಕುರ್ಚಿಗಳ ಎದುರು ಮಾತಾಡಬೇಕಾಗುತ್ತದೆ.

ಓದುಗರಿಗೆ ಸದ್ಯಕ್ಕೆ ಒಂದೇ ಕೆಲಸ: ಈ ವಾರ ನಿಮ್ಮ ವಾರ್ಡ್ ಕಚೇರಿಗೆ ಹೋಗಿ, ಈ ಸಲದ ಕ್ರಿಯಾಯೋಜನೆಯಲ್ಲಿ ನಿಮ್ಮ ವಾರ್ಡಿನ ಪುಟದ ನಕಲು ಕೇಳಿ. ಒಬ್ಬರೇ ಹೋಗಬೇಡಿ, ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ.