ಲೈವ್ ಕಾಣುತ್ತದೆ, ರೆಕಾರ್ಡ್ ಇದೆಯೇ?

ಮೆಮೊರಿ ಕಾರ್ಡ್ ಕೆಟ್ಟು ತಿಂಗಳುಗಳೇ ಕಳೆದಿದ್ದರೂ ಮೊಬೈಲ್ ತೆರೆದರೆ ಮನೆಯ ಅಂಗಳ ಸ್ವಚ್ಛವಾಗಿಯೇ ಕಾಣುತ್ತದೆ. ಲೈವ್ ಚಿತ್ರ ಕ್ಯಾಮೆರಾದಿಂದ ವೈಫೈ ಹಿಡಿದು ಮೊಬೈಲಿಗೆ ಬರುತ್ತದೆ, ಅದಕ್ಕೆ ಕಾರ್ಡಿನ ಹಂಗಿಲ್ಲ. ಇದು ತಿಳಿಯದೆ ನಮ್ಮ ಕಡೆಯ ಎಷ್ಟೋ ಮನೆಯವರು ನಿಶ್ಚಿಂತೆಯಿಂದಿದ್ದಾರೆ. ಆ ನಿಶ್ಚಿಂತೆ ಕಂಡರೆ ನನಗೆ ಕಳವಳವಾಗುತ್ತದೆ.

ನಮ್ಮದು ಶಿರಸಿ ಸೀಮೆ. ಚಾಲಿ ಅಡಿಕೆ ಒಣಗಲು ತಿಂಗಳ ಮೇಲೆ ಬಿಸಿಲು ಬೇಕು, ಅಷ್ಟೂ ದಿನ ಬೆಳೆಗಾರನ ವರ್ಷದ ದುಡಿಮೆ ಅಂಗಳದಲ್ಲೇ ಹರಡಿಕೊಂಡಿರುತ್ತದೆ. ಧಾರಣೆ ಏರಿದಂತೆ ಕಳ್ಳರ ಭಯವೂ ಏರುತ್ತದೆ. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ಹಿರಿಯರಿಬ್ಬರೇ. ಹಬ್ಬಕ್ಕೆ ಬಂದ ಮಗ ಒಂದು ವೈಫೈ ಕ್ಯಾಮೆರಾ ಗೋಡೆಗೆ ಹೊಡೆದು, ಆ್ಯಪ್ ಹಾಕಿಕೊಟ್ಟು ಹೊರಟುಬಿಡುತ್ತಾನೆ. ಆಮೇಲೆ ಅದರ ಆರೈಕೆ ಊರಿನಲ್ಲಿ ಉಳಿದವರ ಪಾಲು. ನಮ್ಮ ಮನೆಯ ಕ್ಯಾಮೆರಾದ ಜೊತೆಗೆ ನೆಂಟರ, ಅಕ್ಕಪಕ್ಕದವರ ಕ್ಯಾಮೆರಾಗಳನ್ನೂ ನಾನೇ ನೋಡಿಕೊಳ್ಳುತ್ತ ಬಂದಿದ್ದೇನೆ.

ಪಕ್ಕದ ಊರಿನ ಒಂದು ಮನೆಯಲ್ಲಿ ರಾತ್ರಿ ಅಡಿಕೆ ಚೀಲ ಕಾಣೆಯಾಯಿತು. ಮನೆಯೊಡೆಯರು ದಿನವೂ ಲೈವ್ ನೋಡುತ್ತಿದ್ದವರು. ರೆಕಾರ್ಡಿಂಗ್ ತೆರೆದರೆ ಕೊನೆಯ ವಿಡಿಯೊ ಹಿಂದಿನ ಮಳೆಗಾಲದ್ದು. ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಒಳಗಿದ್ದುದನ್ನೆಲ್ಲ ನಕಲು ಮಾಡಿಕೊಂಡು, ಫಾರ್ಮ್ಯಾಟ್ ಮಾಡಿದೆ. ‘ಆಯಿತು’ ಎಂದಿತು. ತೆಗೆದು ಮತ್ತೆ ಹಾಕಿದರೆ ಅಳಿಸಿದ್ದ ಹಳೆಯ ವಿಡಿಯೊಗಳೆಲ್ಲ ಹಾಗೇ ಕುಳಿತಿವೆ! ಇದು ಕಾರ್ಡಿನ ಕೊನೆಗಾಲದ ಖಚಿತ ಲಕ್ಷಣ. ಒಳಗಿನ ಮೀಸಲು ಜಾಗವೆಲ್ಲ ಸವೆದು ಮುಗಿದಾಗ ಕಾರ್ಡಿನ ಕಂಟ್ರೋಲರ್ ಇದ್ದುದನ್ನಾದರೂ ಉಳಿಸಲೆಂದು ಬರೆಯುವುದನ್ನೇ ನಿಲ್ಲಿಸಿಬಿಡುತ್ತದೆ. ಆಮೇಲೆ ಅದನ್ನು ಓದಬಹುದು, ಬರೆಯಲಾಗದು. ಯಾವ ಸಾಫ್ಟ್‌ವೇರೂ ಅದನ್ನು ಎಬ್ಬಿಸಲಾರದು. ಹಣ ಕೊಟ್ಟರೆ ರಿಪೇರಿ ಮಾಡುತ್ತೇವೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ, ಕಾರ್ಡ್ ಬದಲಿಸಿ.

ಇಷ್ಟು ಬೇಗ ಏಕೆ ಸವೆಯುತ್ತದೆ ಎಂದು ಆ ಮನೆಯವರು ಕೇಳಿದರು. ಮೊಬೈಲಿಗೆ ಹಾಕಿದ ಕಾರ್ಡ್ ವರ್ಷಗಟ್ಟಲೆ ಬಂದಿತ್ತಲ್ಲ ಎಂಬುದು ಅವರ ವಾದ. ಲೆಕ್ಕ ಬರೆದು ತೋರಿಸಿದೆ. ಸಾಮಾನ್ಯ ಫುಲ್ ಎಚ್‌ಡಿ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬರೆಯುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 900 ಎಂಬಿ, ದಿನಕ್ಕೆ 21.6 ಜಿಬಿ. 32 ಜಿಬಿ ಕಾರ್ಡ್ ಒಂದೂವರೆ ದಿನಕ್ಕೆ ತುಂಬಿ, ಹಳೆಯದರ ಮೇಲೆ ಹೊಸದು ಬರೆಯತೊಡಗುತ್ತದೆ. ವರ್ಷಕ್ಕೆ ಸುಮಾರು 250 ಸಲ ಇಡೀ ಕಾರ್ಡ್ ಅಳಿಸಿ ಬರೆದಂತೆ. ಸಾಲದ್ದಕ್ಕೆ ಫ್ಲ್ಯಾಶ್ ಮೆಮೊರಿಯಲ್ಲಿ ಬೇಕಾದಷ್ಟೇ ಅಳಿಸಲು ಬರುವುದಿಲ್ಲ. ಒಂದು ಸಾಲು ತಿದ್ದಲು ಇಡೀ ಪಾಟಿ ಒರೆಸಿ ಮತ್ತೆ ಬರೆಯಬೇಕಾದ ಹಾಗೆ, ದೊಡ್ಡ ದೊಡ್ಡ ಭಾಗಗಳನ್ನೇ ಅಳಿಸಬೇಕು. ನಿಜವಾದ ಸವೆತ ಲೆಕ್ಕಕ್ಕಿಂತ ಹೆಚ್ಚು. ಈಗಿನ ಅಗ್ಗದ ಕಾರ್ಡುಗಳ ಕೋಶಗಳು ತಾಳುವುದೇ ಸಾವಿರದ ಆಸುಪಾಸಿನ ಸಲ. ಮೊಬೈಲಿನಲ್ಲಿ ನಾವು ಫೋಟೊ ತುಂಬಿಸಿ ಬಿಡುತ್ತೇವೆ, ಕ್ಯಾಮೆರಾ ಒಂದು ಗಳಿಗೆಯೂ ಬಿಡುವುದಿಲ್ಲ.

ಹಾಗಾಗಿ ನಾನು ಈಗ ಹೊದಿಕೆಯ ಮೇಲೆ ‘ಎಂಡ್ಯೂರೆನ್ಸ್’ ಎಂದು ಬರೆದ ಕಾರ್ಡನ್ನೇ ತರಿಸುತ್ತೇನೆ. ಬೆಲೆ ಹೆಚ್ಚು, ಆದರೆ ಎಷ್ಟು ಗಂಟೆ ರೆಕಾರ್ಡಿಂಗ್ ತಾಳುತ್ತದೆ ಎಂಬುದನ್ನು ಕಂಪನಿಯೇ ಹೇಳಿರುತ್ತದೆ. ‘ಅತಿವೇಗ’ ಎಂಬ ಜಾಹೀರಾತಿಗೆ ಮರುಳಾಗಬೇಕಿಲ್ಲ. ಕ್ಲಾಸ್ 10 ಎಂದರೆ ಸೆಕೆಂಡಿಗೆ ಕನಿಷ್ಠ 10 ಎಂಬಿ, ಕ್ಯಾಮೆರಾಕ್ಕೆ ಬೇಕಾಗುವುದು ಅದರ ಚಿಕ್ಕ ಪಾಲು. ಕ್ಯಾಮೆರಾ ಒಪ್ಪುವುದಾದರೆ 32ರ ಬದಲು 128 ಜಿಬಿ ಹಾಕಿ. ಅದೇ ಬರಹ ನಾಲ್ಕು ಪಟ್ಟು ಜಾಗಕ್ಕೆ ಹಂಚಿಹೋಗಿ ಸವೆತ ಕಾಲು ಭಾಗಕ್ಕೆ ಇಳಿಯುತ್ತದೆ. ‘ಒಪ್ಪುವುದಾದರೆ’ ಎಂದದ್ದಕ್ಕೆ ಕಾರಣವಿದೆ: 32 ಜಿಬಿ ದಾಟಿದ ಕಾರ್ಡುಗಳು ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಬರುತ್ತವೆ, ಕೆಲವು ಕ್ಯಾಮೆರಾಗಳಿಗೆ ಫ್ಯಾಟ್32 ಮಾತ್ರ ಗೊತ್ತು. ಏನೇ ಇರಲಿ, ಹೊಸ ಕಾರ್ಡನ್ನು ಕಂಪ್ಯೂಟರಿನ ಬದಲು ಕ್ಯಾಮೆರಾದ ಆ್ಯಪಿನಲ್ಲೇ ಫಾರ್ಮ್ಯಾಟ್ ಮಾಡಿದರೆ ಅರ್ಧ ತಕರಾರು ಹುಟ್ಟುವುದೇ ಇಲ್ಲ.

ನಕಲಿ ಕಾರ್ಡುಗಳ ಕಾಟ ಬೇರೆ. ಒಳಗೆ 16 ಜಿಬಿ ಚಿಪ್ ಇಟ್ಟು, 128 ಎಂದು ಹೇಳುವಂತೆ ಕಂಟ್ರೋಲರನ್ನು ತಿರುಚಿರುತ್ತಾರೆ. ಮೊದಲ ದಿನ ಎಲ್ಲ ಸರಿ. 16 ದಾಟಿದ ಮೇಲೆ ಫೈಲಿನ ಹೆಸರು ಇರುತ್ತದೆ, ವಿಡಿಯೊ ಓಡುವುದಿಲ್ಲ. ಇದನ್ನು ಹಿಡಿಯಲು ಉಚಿತ ತಂತ್ರಾಂಶಗಳಿವೆ: ವಿಂಡೋಸ್‌ಗೆ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್‌ಗೆ ಎಫ್3. ಕಾರ್ಡಿನ ತುಂಬ ಬರೆದು, ಮರಳಿ ಓದಿ, ತಾಳೆ ನೋಡುತ್ತವೆ. ಗಂಟೆಗಟ್ಟಲೆ ಹಿಡಿಯುತ್ತದೆ, ಆದರೂ ಹೀಗೆ ಪರೀಕ್ಷಿಸದ ಕಾರ್ಡನ್ನು ನಾನು ಯಾರ ಮನೆಗೂ ಹಾಕುವುದಿಲ್ಲ. ಅಂದಹಾಗೆ 64 ಜಿಬಿ ಕಾರ್ಡ್ 59.6 ಎಂದು ತೋರಿಸಿದರೆ ಅದು ಮೋಸವಲ್ಲ. ಎಣಿಸುವ ಕ್ರಮ ಬೇರೆ, ಅಷ್ಟೆ.

ಕಾರ್ಡಿನ ಮೇಲೆ ಬರುವ ದೂರುಗಳಲ್ಲಿ ಬಹಳಷ್ಟು ನಿಜವಾಗಿ ಕರೆಂಟಿನವು. ಒಂದು ಮನೆಯ ಕ್ಯಾಮೆರಾ ಹಗಲೆಲ್ಲ ಸರಿಯಾಗಿ ರೆಕಾರ್ಡ್ ಮಾಡುತ್ತಿತ್ತು, ಕತ್ತಲಾದರೆ ‘ಕಾರ್ಡ್ ಎರರ್’. ಕಾರ್ಡ್ ಬದಲಿಸಿದರೂ ಅದೇ ಕತೆ. ಹುಡುಕುತ್ತ ಹೋದರೆ ತಪ್ಪು ಇದ್ದದ್ದು ವೈರಿನಲ್ಲಿ. ಅಡಾಪ್ಟರಿನಿಂದ ಜಗಲಿಯ ತುದಿಗೆ ಸಪೂರ ಯುಎಸ್‌ಬಿ ವೈರನ್ನು ಉದ್ದಕ್ಕೆ ಎಳೆದಿದ್ದರು. ರಾತ್ರಿ ಇನ್‌ಫ್ರಾರೆಡ್ ದೀಪ ಹೊತ್ತಿಕೊಂಡ ಕೂಡಲೇ ಕ್ಯಾಮೆರಾ ಹೆಚ್ಚು ಕರೆಂಟ್ ಎಳೆಯುತ್ತದೆ, ಸಪೂರ ವೈರಿನಲ್ಲಿ 5 ವೋಲ್ಟ್ ಕುಸಿಯುತ್ತದೆ, ಕ್ಯಾಮೆರಾ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಪ್ರತಿ ಸಲವೂ ಬರೆಯುತ್ತಿದ್ದ ಫೈಲ್ ಅರ್ಧಕ್ಕೇ ನಿಂತು ಕಾರ್ಡಿನ ಸೂಚಿ ಹಾಳಾಗುತ್ತದೆ. ಅಡಾಪ್ಟರನ್ನು ಕ್ಯಾಮೆರಾದ ಹತ್ತಿರಕ್ಕೆ ತಂದು, ಗಿಡ್ಡ ದಪ್ಪ ವೈರ್ ಹಾಕಿದೆವು. ಅಲ್ಲಿಗೆ ತೊಂದರೆ ಮುಗಿಯಿತು. ಮಳೆಗಾಲದಲ್ಲಿ ಮರ ಬಿದ್ದು ಪದೇ ಪದೇ ಕರೆಂಟ್ ಹೋಗುವ ನಮ್ಮಂಥ ಊರಿನಲ್ಲಿ ಕ್ಯಾಮೆರಾಕ್ಕೂ ರೌಟರಿಗೂ ಚಿಕ್ಕ ಯುಪಿಎಸ್ ಇಡುವುದು ಕಾರ್ಡಿನ ಆಯುಷ್ಯಕ್ಕೂ ಒಳ್ಳೆಯದು.

ರೌಟರಿಗೂ ಎಂದದ್ದು ಸುಮ್ಮನೆ ಅಲ್ಲ. ಅಗ್ಗದ ಹಲವು ಕ್ಯಾಮೆರಾಗಳಲ್ಲಿ ಗಡಿಯಾರಕ್ಕೆ ಬ್ಯಾಟರಿ ಇರುವುದಿಲ್ಲ. ಕರೆಂಟ್ ಬಂದರೂ ಇಂಟರ್‌ನೆಟ್ ಬಾರದಿದ್ದರೆ ಅವಕ್ಕೆ ಇಂದಿನ ತಾರೀಕು ಗೊತ್ತಾಗದೆ, ರೆಕಾರ್ಡಿಂಗ್ ಹೋಗಿ 1970ರ ಜನವರಿಯ ಫೋಲ್ಡರಿನಲ್ಲಿ ಕೂರುತ್ತದೆ. ‘ಏನೂ ರೆಕಾರ್ಡ್ ಆಗಿಲ್ಲ’ ಎಂದು ಕೈಚೆಲ್ಲಿದ ಮನೆಯೊಂದರಲ್ಲಿ ಬೇಕಾದ ರಾತ್ರಿ ಇಡಿಯಾಗಿ ಅಲ್ಲೇ ಸಿಕ್ಕಿತು. ಅದಕ್ಕೇ ಕಾರ್ಡ್ ಖಾಲಿ ಎನ್ನುವ ಮೊದಲು ಹಳೆಯ ತಾರೀಕುಗಳನ್ನೂ ತೆರೆದು ನೋಡುತ್ತೇನೆ.

ಚಲನೆ ಕಂಡಾಗ ಮಾತ್ರ ರೆಕಾರ್ಡ್ ಮಾಡುವಂತೆ ಇಟ್ಟರೆ ಕಾರ್ಡ್ ಹೆಚ್ಚು ಬಾಳುತ್ತದೆ ಎನ್ನುವುದು ನಿಜ, ಆದರೆ ಜೇಡಕ್ಕೆ ಅದು ತಿಳಿಯಬೇಕಲ್ಲ. ಲೆನ್ಸಿನ ಮುಂದೆ ಬಲೆ ನೇಯ್ದರೆ ಇನ್‌ಫ್ರಾರೆಡ್ ಬೆಳಕಿನಲ್ಲಿ ಅದು ಬೆಳ್ಳಗೆ ಹೊಳೆದು ಗಾಳಿಗೆ ಅಲುಗಾಡುತ್ತದೆ, ಕ್ಯಾಮೆರಾ ಇರುಳಿಡೀ ಚಲನೆ ಎಂದೇ ಬರೆಯುತ್ತದೆ. ಸೂರಿನ ಕ್ಯಾಮೆರಾವನ್ನು ವಾರಕ್ಕೊಮ್ಮೆ ಕಡ್ಡಿಹಿಡಿಯಿಂದ ಗುಡಿಸುವುದೂ ಕಾರ್ಡಿನ ಆರೈಕೆಯೇ. ಆಷಾಢದ ತೇವಕ್ಕೆ ಕಾರ್ಡಿನ ಚಿನ್ನದ ಬಣ್ಣದ ಪಟ್ಟಿಗಳು ಮಂಕಾದರೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಸಾಕಾಗುತ್ತದೆ. ಮುಚ್ಚಳದ ರಬ್ಬರ್ ಸರಿಯಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ.

ಇಷ್ಟೆಲ್ಲ ಮಾಡಿಯೂ ನಾನು ಹಿರಿಯರಿಗೆ ಹೇಳಿಕೊಡುವುದು ಒಂದೇ ಕೆಲಸ. ಹಾಲು ಡೇರಿಗೆ ಕೊಟ್ಟು ಬಂದು ಕೂತಾಗ, ಲೈವ್ ಬಿಟ್ಟು, ನಿನ್ನೆ ರಾತ್ರಿ ಎರಡು ಗಂಟೆಯ ರೆಕಾರ್ಡಿಂಗ್ ತೆರೆದು ನೋಡಿ. ಓಡಿದರೆ ಸರಿ, ಓಡದಿದ್ದರೆ ಫೋನ್ ಮಾಡಿ. ವಾರಕ್ಕೊಮ್ಮೆ ಮಾಡಿದರೂ ನಡೆಯುತ್ತದೆ.

ಕಳವು ಆಗಿಯೇಬಿಟ್ಟರೆ ಮೊದಲು ಕ್ಯಾಮೆರಾ ಆರಿಸಿ ಕಾರ್ಡ್ ಹೊರತೆಗೆಯಬೇಕು, ಇಲ್ಲದಿದ್ದರೆ ಬೇಕಾದ ದೃಶ್ಯದ ಮೇಲೆಯೇ ಹೊಸದು ಬರೆದುಕೊಂಡೀತು. ಆ್ಯಪ್ ‘ಫಾರ್ಮ್ಯಾಟ್ ಮಾಡಲೇ’ ಎಂದು ಕೇಳಿದರೆ ಬೇಡವೆನ್ನಿ. ಕೆಲವು ಕ್ಯಾಮೆರಾಗಳು ಗೂಢಲಿಪಿಯಲ್ಲಿ ಬರೆಯುವುದರಿಂದ ಕಂಪ್ಯೂಟರಿನಲ್ಲಿ ವಿಡಿಯೊ ತೆರೆಯದೆ ಇರಬಹುದು. ಅಂಥ ಕಾರ್ಡ್ ಕೆಟ್ಟಿದೆ ಎಂದುಕೊಳ್ಳದೆ, ಅದೇ ಕ್ಯಾಮೆರಾದ ಆ್ಯಪಿನಿಂದಲೇ ಇಳಿಸಿಕೊಳ್ಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ನಕಲು ವಿಡಿಯೊ ಕೋರ್ಟಿಗೆ ಹೋಗಬೇಕಾದರೆ ಹ್ಯಾಶ್ ಮೌಲ್ಯ, ಎಂದರೆ ಫೈಲಿನ ಬೆರಳಚ್ಚಿನಂಥ ಸಂಕೇತ, ನಮೂದಿಸಿದ ಪ್ರಮಾಣಪತ್ರ ಜೊತೆಗಿರಬೇಕು. ವಾಟ್ಸ್ಆ್ಯಪಿನಲ್ಲಿ ಹರಿದಾಡಿ ಕುಗ್ಗಿದ ತುಣುಕಿನ ಹ್ಯಾಶ್ ಮೂಲದ್ದಕ್ಕೆ ತಾಳೆಯಾಗುವುದಿಲ್ಲ. ಹಾಗಾಗಿ ಮೂಲ ಕಾರ್ಡನ್ನು ಲಕೋಟೆಗೆ ಹಾಕಿ, ತೆಗೆದ ದಿನ, ಹೊತ್ತು ಬರೆದು, ಪೊಲೀಸರು ಬರುವವರೆಗೆ ಕಪಾಟಿನಲ್ಲಿಡಿ. ಕ್ಯಾಮೆರಾಕ್ಕೆ ಅಂದೇ ಬೇರೆ ಕಾರ್ಡ್ ಬೇಕಾಗುತ್ತದೆ. ಪರೀಕ್ಷಿಸಿದ ಒಂದು ಕಾರ್ಡನ್ನು ಮನೆಯಲ್ಲೇ ತೆಗೆದಿಟ್ಟುಕೊಳ್ಳಿ.