ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ಪರವಾನಗಿ ಹೋಗುತ್ತದೆಯೇ?



ವಿದ್ಯಾರ್ಥಿವೇತನದ ಅರ್ಜಿ ಹಾಕುವ ದಿನಗಳಲ್ಲೇ ಮನೆಯ ಲ್ಯಾಪ್‌ಟಾಪ್ ಕೈಕೊಟ್ಟಿತೆಂದು ಹುನಗುಂದದಿಂದ ಬರುವ ವಿದ್ಯಾರ್ಥಿನಿಯೊಬ್ಬಳು ನಮ್ಮ ಲ್ಯಾಬಿಗೆ ಬಂದಳು. "ಸರ್, ಫಾರ್ಮ್ಯಾಟ್ ಮಾಡಿದ್ರ ವಿಂಡೋಸ್‌ಗೆ ಮತ್ತ ರೊಕ್ಕಾ ಕೊಡಬೇಕಂತ ಅಂಗಡ್ಯಾಗ ಹೇಳ್ಯಾರ. ಹೌದೇನ್ರಿ?" ಎಂದು ಕೇಳಿದಳು. ಅದು ಅವಳ ತಂದೆ ಮಗ್ಗದ ಮೇಲೆ ದುಡಿದು, ವಿಂಡೋಸ್ ಸಮೇತ ಕೊಡಿಸಿದ್ದ ಕಂಪನಿಯ ಲ್ಯಾಪ್‌ಟಾಪ್. ಅದಕ್ಕೆ ಮತ್ತೆ ಹಣ ಕೊಡಬೇಕಾಗಿಲ್ಲ. ಯಾಕೆ ಎಂಬುದೇ ಈ ಪಾಠ.

ಪರವಾನಗಿ ಎಂದರೇನು?

ನಾವು ವಿಂಡೋಸ್ ಕೊಂಡಾಗ ಆ ತಂತ್ರಾಂಶದ ಒಡೆಯರಾಗುವುದಿಲ್ಲ. ಒಂದು ಪ್ರತಿಯನ್ನು ಕೆಲವು ಷರತ್ತುಗಳೊಳಗೆ ಬಳಸುವ ಹಕ್ಕು ಮಾತ್ರ ನಮ್ಮದಾಗುತ್ತದೆ. ಆ ಹಕ್ಕಿಗೆ ಪರವಾನಗಿ ಎನ್ನುತ್ತಾರೆ. ಕರ್ನಾಟಕ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋದ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಪ್ರಕರಣ ತೆರಿಗೆಗೆ ಸಂಬಂಧಿಸಿದ್ದು. 2021ರ ಮಾರ್ಚ್ 2ರ ಆ ತೀರ್ಪಿನಲ್ಲಿಯೂ ಇದೇ ವ್ಯತ್ಯಾಸ ಮುಖ್ಯವಾಯಿತು: ತಂತ್ರಾಂಶದ ಪ್ರತಿ ಬೇರೆ, ಅದರ ಕೃತಿಸ್ವಾಮ್ಯ ಬೇರೆ.

ಪರವಾನಗಿಯಲ್ಲಿ ಮೂರು ಬಗೆ

1. ಒಇಎಂ: ಕಂಪ್ಯೂಟರ್ ತಯಾರಕರು ಯಂತ್ರದೊಂದಿಗೇ ಕೊಡುವುದು. ಇದು ನಿಮ್ಮ ವಿದ್ಯಾರ್ಥಿ ಬಸ್ ಪಾಸಿನಂತೆ. ಪಾಸಿನ ಮೇಲೆ ನಿಮ್ಮ ಫೋಟೋ ಇರುತ್ತದೆ, ಗೆಳೆಯನಿಗೆ ಅದು ನಡೆಯುವುದಿಲ್ಲ. ಹಾಗೆಯೇ ಈ ಪರವಾನಗಿ ಒಂದೇ ಯಂತ್ರಕ್ಕೆ, ಮುಖ್ಯವಾಗಿ ಅದರ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಯಂತ್ರವನ್ನೇ ಮಾರಿದರೆ ಪರವಾನಗಿಯೂ ಅದರ ಜೊತೆಗೆ ಹೋಗುತ್ತದೆ.

2. ರೀಟೇಲ್: ಬೇರೆಯಾಗಿ ಹಣ ಕೊಟ್ಟು ಕೊಂಡದ್ದು. ಇದನ್ನು ಹಳೆಯ ಕಂಪ್ಯೂಟರಿನಿಂದ ತೆಗೆದು ಹೊಸದಕ್ಕೆ ಹಾಕಬಹುದು. ಆದರೆ ಒಂದು ಸಲಕ್ಕೆ ಒಂದೇ ಯಂತ್ರ.

3. ವಾಲ್ಯೂಮ್: ಸಂಸ್ಥೆಗಳು ಅನೇಕ ಯಂತ್ರಗಳಿಗಾಗಿ ಸಗಟಾಗಿ ಪಡೆಯುವುದು. ಮದುವೆಗೆ ಕರಾರಿನ ಮೇಲೆ ತಂದ ಬಸ್ಸಿನಂತೆ, ಆ ಮನೆಯವರಿಗಷ್ಟೇ. ಸಂಸ್ಥೆಯ ಸರ್ವರ್ ಮೂಲಕ ಸಕ್ರಿಯವಾಗುವ ಬಗೆಯಲ್ಲಿ 180 ದಿನಗಳೊಳಗೆ ಅದು ನವೀಕರಣಗೊಳ್ಳಬೇಕು. ಕಾಲೇಜಿನ ಕೀ ಮನೆಗೆ ಒಯ್ಯುವಂತಿಲ್ಲ.

ನಿಮ್ಮದು ಯಾವುದೆಂದು ತಿಳಿಯಲು ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಎಸ್‌ಎಲ್‌ಎಂಜಿಆರ್ ಎಂಬ ಐದು ಇಂಗ್ಲಿಷ್ ಅಕ್ಷರ, ಒಂದು ಖಾಲಿ ಜಾಗ, ಓರೆಗೆರೆ, ಆಮೇಲೆ ಡಿಎಲ್‌ಐ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಬರುವ ಪೆಟ್ಟಿಗೆಯ ವಿವರಣೆಯ ಸಾಲಿನಲ್ಲಿ ಈ ಮೂರರಲ್ಲಿ ಒಂದು ಹೆಸರು ಇರುತ್ತದೆ.

ಫಾರ್ಮ್ಯಾಟ್ ಮಾಡಿದರೂ ಯಾಕೆ ಉಳಿಯುತ್ತದೆ?

2012ರಲ್ಲಿ ವಿಂಡೋಸ್ 8 ಬಂದ ಮೇಲೆ ತಯಾರಕರು ಕೀಯನ್ನು ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲೇ ಇಡತೊಡಗಿದರು. ಹಾರ್ಡ್‌ಡಿಸ್ಕ್ ಅಳಿಸಿದರೂ, ತೆಗೆದು ಎಸ್‌ಎಸ್‌ಡಿ ಹಾಕಿದರೂ ಅದು ಅಲ್ಲೇ ಇರುತ್ತದೆ. ವಿಂಡೋಸ್ 10ರಿಂದ ಡಿಜಿಟಲ್ ಪರವಾನಗಿಯೂ ಬಂತು. ಯಂತ್ರಾಂಶದ ಗುರುತು ಮೈಕ್ರೋಸಾಫ್ಟ್ ಸರ್ವರ್‌ನಲ್ಲಿ ದಾಖಲಾಗಿರುವುದರಿಂದ ಅದೇ ಯಂತ್ರ ಮತ್ತೆ ಇಂಟರ್‌ನೆಟ್‌ಗೆ ಬಂದಾಗ ಗುರುತು ಸಿಗುತ್ತದೆ.

ಮಾಡುವ ಕ್ರಮ

ಮೊದಲು ಫೋಟೋ, ನೋಟ್ಸ್, ಅಂಕಪಟ್ಟಿಗಳನ್ನು ಬೇರೆ ಕಡೆ ನಕಲು ಮಾಡಿಕೊಳ್ಳಿ. ನುಡಿಯಲ್ಲಿ ಟೈಪ್ ಮಾಡಿದ ಹಳೆಯ ಕಡತಗಳಿದ್ದರೆ ನುಡಿ ಫಾಂಟುಗಳನ್ನೂ ಇಟ್ಟುಕೊಳ್ಳಿ, ಇಲ್ಲವಾದರೆ ಅಕ್ಷರ ಓದಲು ಬಾರದು. ಸೆಟ್ಟಿಂಗ್ಸ್‌ನ ಆ್ಯಕ್ಟಿವೇಷನ್ ಪುಟದಲ್ಲಿ ಹೋಮ್ ಆವೃತ್ತಿಯೋ ಪ್ರೊ ಆವೃತ್ತಿಯೋ ಎಂದು ಬರೆದುಕೊಳ್ಳಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಪರವಾನಗಿಯನ್ನು ಖಾತೆಗೆ ಜೋಡಿಸಿ. ಮೈಕ್ರೋಸಾಫ್ಟ್‌ನ ಸ್ವಂತ ತಾಣದಿಂದ 8 ಜಿಬಿ ಪೆನ್‌ಡ್ರೈವಿಗೆ ವಿಂಡೋಸ್ ಇಳಿಸಿಕೊಳ್ಳಿ. ಹಾಕುವಾಗ ಕೀ ಕೇಳಿದರೆ "ನನ್ನ ಬಳಿ ಕೀ ಇಲ್ಲ" ಎಂಬ ಆಯ್ಕೆ ಒತ್ತಿ, ಮೊದಲಿದ್ದ ಆವೃತ್ತಿಯನ್ನೇ ಆರಿಸಿ. ಹೋಮ್ ಇದ್ದಲ್ಲಿ ಪ್ರೊ ಹಾಕಿದರೆ ಸಕ್ರಿಯವಾಗುವುದಿಲ್ಲ. ಎಷ್ಟೋ ಜನ ಇಲ್ಲಿಯೇ ತಪ್ಪಿ, ಪರವಾನಗಿ ಹೋಯಿತೆಂದು ತಿಳಿಯುತ್ತಾರೆ.

ಬಿಡಿಭಾಗ ಬದಲಾದರೆ

ರ‍್ಯಾಮ್, ಡಿಸ್ಕ್ ಬದಲಾದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮದರ್‌ಬೋರ್ಡ್ ಬದಲಾದರೆ ಮಾತ್ರ ಅದು ಬೇರೆ ಯಂತ್ರವೆಂದು ಲೆಕ್ಕ. ರೀಟೇಲ್ ಪರವಾನಗಿ ಇದ್ದರೆ ಆ್ಯಕ್ಟಿವೇಷನ್ ಪುಟದ ಟ್ರಬಲ್‌ಶೂಟರ್‌ನಲ್ಲಿ "ಇತ್ತೀಚೆಗೆ ಯಂತ್ರಾಂಶ ಬದಲಿಸಿದ್ದೇನೆ" ಎಂದು ಆರಿಸಿ, ಜೋಡಿಸಿದ ಖಾತೆಯ ಮೂಲಕ ಮರಳಿ ಪಡೆಯಬಹುದು. ಕೆಟ್ಟ ಬೋರ್ಡಿನ ಬದಲು ತಯಾರಕರೇ ಅದೇ ಮಾದರಿಯದನ್ನು ಹಾಕಿಕೊಟ್ಟರೆ ಒಇಎಂ ಸಹ ಮುಂದುವರಿಯುತ್ತದೆ. ಬಿಡಿಭಾಗ ತಂದು ಹೊಸದಾಗಿ ಅಸೆಂಬಲ್ ಮಾಡಿದ ಯಂತ್ರಕ್ಕೆ ಹಳೆಯ ಯಂತ್ರದ ಒಇಎಂ ಬರುವುದಿಲ್ಲ.

ಕ್ರ್ಯಾಕ್ ಹಾಕಿದರೇನು?

ಅಂಥ ತಂತ್ರಾಂಶ ಮೊದಲು ಆ್ಯಂಟಿವೈರಸ್ ನಿಲ್ಲಿಸಲು ಹೇಳುತ್ತದೆ. ಕಳ್ಳನೇ ನಾಯಿಯನ್ನು ಕಟ್ಟಿಹಾಕಲು ಹೇಳಿದಂತೆ! ಅದೇ ಯಂತ್ರದಲ್ಲಿ ನೀವು ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ತುಂಬುತ್ತೀರಿ ಎಂಬುದು ನೆನಪಿರಲಿ. ಕಾನೂನೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರ ತಿದ್ದುಪಡಿ ಸೇರಿಸಿದ 63ಬಿ ಕಲಮಿನಂತೆ, ತಿಳಿದೂ ಅಕ್ರಮ ಪ್ರತಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಸೆರೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಲ್ಲದ ಬಳಕೆಗೆ ನ್ಯಾಯಾಲಯ ಸೆರೆ ಬಿಟ್ಟು 50,000ದವರೆಗೆ ದಂಡವನ್ನಷ್ಟೇ ವಿಧಿಸಬಹುದು. ಅದೇ ಕಾಯ್ದೆಯ 52ನೆಯ ಕಲಮು ಸಕ್ರಮ ಪ್ರತಿ ಇರುವವರಿಗೆ ನಷ್ಟದ ರಕ್ಷಣೆಗೆ ಬ್ಯಾಕಪ್ ಮಾಡಿಕೊಳ್ಳುವ ಹಕ್ಕು ಕೊಟ್ಟಿದೆ.

ಹಣವಿಲ್ಲದಿದ್ದರೆ ದಾರಿಯಿದೆ. ಉಬುಂಟು, ಫೆಡೋರಾ, ಸಿ-ಡ್ಯಾಕ್ ರೂಪಿಸಿದ ಬಾಸ್ ಇವೆಲ್ಲ ಲಿನಕ್ಸ್ ಆಧಾರಿತ. ಕೀ ಬೇಡ, ಎಷ್ಟು ಯಂತ್ರಕ್ಕಾದರೂ ಹಾಕಬಹುದು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಇಲ್ಲದ ಹಳೆಯ ಯಂತ್ರಗಳಿಗೂ ಇದೇ ಒಳ್ಳೆಯ ಆಸರೆ.

ಆ ವಿದ್ಯಾರ್ಥಿನಿಯ ಲ್ಯಾಪ್‌ಟಾಪಿಗೆ ಹೋಮ್ ಆವೃತ್ತಿ ಹಾಕಿ ಇಂಟರ್‌ನೆಟ್ ಜೋಡಿಸಿದೆವು. ತಾನಾಗಿಯೇ ಸಕ್ರಿಯವಾಯಿತು. ಅರ್ಜಿಯನ್ನು ಅವಳು ಅದರಲ್ಲೇ ತುಂಬಿದಳು.

ಅಭ್ಯಾಸ

1. ಬಾದಾಮಿಯ ಒಬ್ಬರು ಕಂಪನಿಯ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಸಿದರು. ಹೊಸ ಕೀ ಬೇಕೇ?
2. ಬಾಗಲಕೋಟೆಯ ವಿದ್ಯಾರ್ಥಿಯ ರೀಟೇಲ್ ಪರವಾನಗಿ ಹಳೆಯ ಯಂತ್ರದಲ್ಲಿದೆ. ಅಸೆಂಬಲ್ ಮಾಡಿದ ಹೊಸದಕ್ಕೆ ಹಾಕಬಹುದೇ?
3. ಇಳಕಲ್ಲಿನ ಸೀರೆ ಅಂಗಡಿಯವರು ಹಳೆಯ ಯಂತ್ರದ ಒಇಎಂ ಪರವಾನಗಿಯನ್ನು ಹೊಸದಕ್ಕೆ ಒಯ್ಯಬಹುದೇ?

ಉತ್ತರ: 1. ಬೇಡ. 2. ಹಳೆಯದರಿಂದ ತೆಗೆದು ಹಾಕಬಹುದು. 3. ಇಲ್ಲ.